ಡಾಕ್ಟರ್ ಕೇಳುವ ಮೂರು ಪ್ರಶ್ನೆ

ಡರ್ಹಮ್, ನಾರ್ತ್ ಕೆರೊಲಿನಾ
ಮಾರ್ಚ್ 9, 1997

ಪ್ರಸಾದ,

ಹದಿನೇಳು ವರ್ಷಗಳ ಮೇಲೆ ಬರೆಯುತ್ತಿದ್ದೇನೆ. ಲಕೋಟೆಯ ಮೇಲೆ ಸೋಮಲಿಂಗಪ್ಪ ಎಂಬ ಹೆಸರು ಕಂಡೊಡನೆ ಹರಿದು ಬಿಸಾಡಬೇಡ. ಇದು ನಿನ್ನ ಮಗನ ವಿಷಯ. ಅವನನ್ನು ಕೇಳದೆ, ವಿಳಾಸವನ್ನು ಕನ್ನಡ ಸಂಘದ ಡೈರೆಕ್ಟರಿಯಲ್ಲಿ ಹುಡುಕಿದೆ. ಸ್ಟರ್ಲಿಂಗ್‌ನಲ್ಲಿ ಇಬ್ಬರು ಕೃಷ್ಣಪ್ರಸಾದರಿದ್ದಾರೆ. ಹೆಂಡತಿ ರಾಜಲಕ್ಷ್ಮಿ ಎಂದಿದ್ದವನನ್ನು ಆರಿಸಿಕೊಂಡೆ.

ಇಲ್ಲೊಂದು ರಗ್ಬಿ ಲೀಗ್ ಕ್ಲಬ್ ಹುಟ್ಟಿದೆ. ಹುಟ್ಟಿಸಿದವನ ಹೆಸರು ಕೇಳಿದರೆ ನಿನ್ನ ರಕ್ತ ಕುದಿಯುತ್ತದೆ, ಆದರೂ ಮುಚ್ಚಿಡುವುದಿಲ್ಲ: ಡೆರೆಕ್ ಹೋಲ್ರಾಯ್ಡ್. ಯಾರ್ಕ್‌ಶೈರ್‌ನಲ್ಲಿ ನಾವಿಬ್ಬರೂ ಸರದಿಯ ಮೇಲೆ ಡಾಕ್ಟರಾಗಿದ್ದ ಹಾರ್ಕ್ಲಿ ಕ್ಲಬ್ಬಿನ ಅದೇ ಕ್ಯಾಪ್ಟನ್. ಈಗ ತಲೆ ಬೋಳಾಗಿದೆ, ಎರಡೂ ಮೊಣಕಾಲು ಹೋಗಿವೆ. ಹಳೆಯ ತಂಬಾಕು ಗೋದಾಮೊಂದನ್ನು ಹಿಡಿದು, 'ಡರ್ಹಮ್ ಹ್ಯಾಮರ್ಸ್' ಎಂದು ಬೋರ್ಡು ಹಾಕಿದ್ದಾನೆ. ಅಟ್ಲಾಂಟ, ಶಾರ್ಲೆಟ್, ವಾಷಿಂಗ್ಟನ್ ಕಡೆಯ ತಂಡಗಳೂ ಇವೆ. ಆಡಿದವರಿಗೆ ಸಂಬಳ ಕೊಡುತ್ತಾನೆ. ಡಾಕ್ಟರ್ ಬೇಕು ಎಂದು ನನ್ನನ್ನು ಹುಡುಕಿಕೊಂಡು ಬಂದ, ನಾನೂ ಒಪ್ಪಿದೆ. ಯಾಕೆ ಒಪ್ಪಿದಿರಿ ಎಂದು ನನ್ನ ಹೆಂಡತಿ ಶಾಂತವ್ವ ದಿನಾ ಕೇಳುತ್ತಾಳೆ.

ನಿನ್ನೆ ಆಯ್ಕೆ ಇತ್ತು. ಡೆರೆಕ್‌ನದು ಒಂದೇ ಪರೀಕ್ಷೆ. ಹುಡುಗನನ್ನು ಗೆರೆಯ ಮೇಲೆ ನಿಲ್ಲಿಸಿ, ಇಪ್ಪತ್ತು ಗಜದಿಂದ ಇಬ್ಬರನ್ನು ಅವನ ಮೇಲೆ ಓಡಿಸುವುದು. ಹತ್ತು ಸಲ. ಹೆಚ್ಚಿನವರು ನಾಲ್ಕನೆಯದಕ್ಕೆ ಕೈ ಎತ್ತಿದರು. ಒಬ್ಬ ಕಂದು ಬಣ್ಣದ ಹುಡುಗನಿಗೆ ಏಳನೆಯದರಲ್ಲಿ ಮೂಗು ಮುರಿಯಿತು. ರಕ್ತ ಉಗಿದು, ಅಂಗಿಯಲ್ಲಿ ಒರೆಸಿಕೊಂಡು, ಎಂಟನೆಯ ಸಲ ಬಂದವರಲ್ಲಿ ಒಬ್ಬನ ಪಕ್ಕೆಲುಬಿಗೆ ಭುಜ ಕೊಟ್ಟು ಅವನನ್ನು ಎತ್ತಿ ನೆಲಕ್ಕೆ ಹಾಕಿದ. ಎಲುಬಿನ ಸದ್ದು ನನಗೆ ಕೇಳಿಸಿತು. ಆಮೇಲೆ ಅವನ ಫಾರಂ ನೋಡಿದರೆ, ಹುಟ್ಟಿದ ಊರು ಹಾರ್ಕ್ಲಿ, ಹೆಸರು ಅಭಿಷೇಕ್. "ಯಾರ ಮಗಾ ನೀ?" ಎಂದೆ. "ಕೃಷ್ಣಪ್ರಸಾದ್ ಅವರ ಮಗ, ಅಂಕಲ್. ನಾನು ಕನ್ನಡ ಸ್ವಲ್ಪ ಮಾತಾಡ್ತೀನಿ" ಎಂದ. ಮೂರು ವರ್ಷದವನಿದ್ದಾಗ ನನ್ನ ಹೆಗಲ ಮೇಲೆ ಕೂತು ಪಂದ್ಯ ನೋಡುತ್ತಿದ್ದವನು.

ಡೆರೆಕ್‌ಗೆ ಅವನು ಬೇಕೇ ಬೇಕು. ಹುಡುಗ ಇಲ್ಲೇ ಲ್ಯಾಬ್ ಒಂದರಲ್ಲಿ ಕೆಲಸಕ್ಕಿದ್ದಾನೆ, ಇಪ್ಪತ್ತಮೂರು ದಾಟಿದೆ, ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ನೀನು ಬೇಡ ಎಂದರೆ, ಎದೆಯಲ್ಲಿ ಏನೋ ಶಬ್ದವಿದೆ ಎಂದು ಬರೆದು ಫೇಲ್ ಮಾಡುತ್ತೇನೆ. ಹೇಳು.

ಸೋಮು

---

ಸ್ಟರ್ಲಿಂಗ್, ವರ್ಜೀನಿಯಾ
ಮಾರ್ಚ್ 22, 1997

ಡಾಕ್ಟರ್ ಸೋಮಲಿಂಗಪ್ಪನವರಿಗೆ,

ನಿಮ್ಮ ಕಾಗದ ಬಂತು. ಹರಿದೆ. ಆಮೇಲೆ ಮಗನ ಹೆಸರು ಕಂಡು ತುಂಡುಗಳನ್ನು ಜೋಡಿಸಿ ಓದಿದೆ.

ಸುಳ್ಳು ಬರೆದು ಫೇಲ್ ಮಾಡುವುದು ಬೇಡ. ಸುಳ್ಳು ಹೇಳದವರೆಂದು ಹೆಸರಾದವರು ನೀವು, ಆ ಹೆಸರನ್ನು ನನಗಾಗಿ ಕೆಡಿಸಿಕೊಳ್ಳಬೇಡಿ. 1980ರ ಫೆಬ್ರವರಿಯಲ್ಲಿ, ಸಾವಿನ ವಿಚಾರಣೆಗೆ ಕೂತ ಕರೋನರ್ ಮುಂದೆ ನಿಂತು ನೀವು ಹೇಳಿದ ಮಾತು ನನಗೆ ಬಾಯಿಪಾಠವಾಗಿದೆ. ಅಂದಿನ ಪಂದ್ಯಕ್ಕೆ ಡಾಕ್ಟರ್ ನಾನು. ನಮ್ಮ ತಂಡದ ಕೀತ್‌ನ ತಲೆಗೆ ಮೊಣಕಾಲು ಬಡಿದು ಅವನು ಬಿದ್ದ. ತಲೆ ನೆಟ್ಟಗಿದೆಯೇ ಎಂದು ನೋಡಲು ನಾನು ಹೋಗಿ ಮೂರು ಪ್ರಶ್ನೆ ಕೇಳಿದೆ. ಎದುರಾಳಿ ಯಾರು, ಸ್ಕೋರು ಎಷ್ಟು, ಇದು ಮೊದಲರ್ಧವೋ ಎರಡನೆಯದೋ. ಕೀತ್ ಸರಿಯಾಗಿ ಹೇಳಿದ, ಆಟಕ್ಕೆ ಮರಳಿದ, ಹತ್ತು ನಿಮಿಷಕ್ಕೆ ಮತ್ತೆ ಬಿದ್ದ, ಮಂಗಳವಾರ ಸತ್ತ. ಅವನ ತೋಳು ಹಿಡಿದು ನಿಂತಿದ್ದ ಡೆರೆಕ್ ಕಿವಿಯಲ್ಲಿ ಉತ್ತರ ಹೇಳಿಕೊಡುತ್ತಿದ್ದ ಎಂದು, ಗೆರೆಯ ಪಕ್ಕ ನಿಂತು ನೋಡಿದ್ದ ನೀವು ಸಾಕ್ಷಿ ಹೇಳಿದಿರಿ. ಅಷ್ಟಕ್ಕೇ ನಿಲ್ಲಲಿಲ್ಲ. "ಅದು ಡಾಕ್ಟರ್ ಪ್ರಸಾದ್‌ಗೆ ಕೇಳಿಸಿತ್ತು" ಎಂದಿರಿ. ನನಗೆ ಕೇಳಿಸಿದ್ದು ನಿಮಗೆ ಹೇಗೆ ಗೊತ್ತು ಎಂದು ಯಾರೂ ಕೇಳಲಿಲ್ಲ.

ಅಂದಿನಿಂದ ಇಂದಿನವರೆಗೆ ನಾನು ಒಬ್ಬ ರೋಗಿಯ ನಾಡಿ ಹಿಡಿದಿಲ್ಲ. ವಾಷಿಂಗ್ಟನ್ನಿನ ಡಲ್ಲಸ್ ಏರ್‌ಪೋರ್ಟಿನ ಪಕ್ಕದ ಕಂಪನಿಯೊಂದರಲ್ಲಿ, ಆಸ್ಪತ್ರೆಗಳು ಬಳಸುವ ಪ್ರೋಗ್ರಾಂ ಬರೆಯುತ್ತೇನೆ. ಪಕ್ಕದ ಕ್ಯೂಬಿಕಲ್‌ನಲ್ಲಿ ಬೆಂಗಳೂರಿನಿಂದ ಹೊಸದಾಗಿ ಬಂದ ಗುರುದತ್ ಎಂಬ ಹುಡುಗ ಜ್ವರ ಬಂದರೆ ಮಾತ್ರೆ ಯಾವುದು ಎಂದು ನನ್ನನ್ನು ಕೇಳುತ್ತಾನೆ. ಗೊತ್ತಿಲ್ಲ ಎನ್ನುತ್ತೇನೆ.

ಅಭಿಷೇಕ್ ಆಡಲಿ. ಅವನ ತಾಯಿ ಅದು ಸಾಕರ್ ಎಂದುಕೊಂಡಿದ್ದಾಳೆ, ಹಾಗೇ ಇರಲಿ. ನೀವು ಅವನಿಗೆ ಹಳೆಯದೇನನ್ನೂ ಹೇಳಬಾರದು. ಫೋನ್ ಮಾಡಬಾರದು. ಬರೆಯಬೇಕೆನಿಸಿದರೆ ಅವನ ಬಗ್ಗೆ ಮಾತ್ರ ಬರೆಯಿರಿ.

ಕೃಷ್ಣಪ್ರಸಾದ

---

ಡರ್ಹಮ್
ಏಪ್ರಿಲ್ 28, 1997

ಪ್ರಸಾದ,

ನೀನು 'ನೀವು' ಎಂದಷ್ಟೂ ನಾನು 'ನೀನು' ಎನ್ನುವವನೇ. ಅವನ ಬಗ್ಗೆ ಮಾತ್ರ ಬರೆಯುತ್ತೇನೆ.

ಶನಿವಾರ ಅಟ್ಲಾಂಟದಲ್ಲಿ ಮೊದಲ ಪಂದ್ಯ. ಬಸ್ಸಿನಲ್ಲಿ ಆರು ಗಂಟೆ ಡೆರೆಕ್‌ನ ಪುರಾಣಶ್ರವಣ. ಅಮೆರಿಕದ ಹುಡುಗರಿಗೆ ಈ ಆಟದ ಚರಿತ್ರೆ ಗೊತ್ತಿಲ್ಲವಲ್ಲ. ಗಣಿಯಲ್ಲೂ ಗಿರಣಿಯಲ್ಲೂ ದುಡಿಯುವವರು ಶನಿವಾರ ರಗ್ಬಿ ಆಡಿದರೆ ಆ ದಿನದ ಕೂಲಿ ಹೋಗುತ್ತಿತ್ತು. ಹೋದ ಕೂಲಿ ಕಟ್ಟಿಕೊಡಿ ಎಂದರು. ದೊಡ್ಡ ಮನುಷ್ಯರು ಆಗುವುದಿಲ್ಲ ಎಂದರು. 1895ರಲ್ಲಿ ಇಂಗ್ಲೆಂಡಿನ ಉತ್ತರದ ಕ್ಲಬ್ಬುಗಳು ಸಿಡಿದು ಬೇರೆಯಾದವು. ಹದಿಮೂರು ಜನರ ಆಟ ಹುಟ್ಟಿದ್ದು ಆ ಸಿಟ್ಟಿನಿಂದ. "ನಮ್ಮಜ್ಜ ದವಡೆ ಮುರಿದುಕೊಂಡು ಆಡಿ, ಸೋಮವಾರ ಗಣಿಗಿಳಿದ. ಆಟ ಬಿಟ್ಟು ಹೊರಗೆ ಬಂದವನ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ" ಎಂದು ಡೆರೆಕ್ ಹೇಳುವಾಗ ನಿನ್ನ ಮಗ ಬಾಯಿ ತೆರೆದುಕೊಂಡು ಕೇಳುತ್ತಿದ್ದ. ಅವನಿಗೆ ಒಲೆಯೂ ಇಲ್ಲ, ಗಣಿಯೂ ಇಲ್ಲ, ಆದರೂ ಕಣ್ಣು ಹೊಳೆಯುತ್ತಿತ್ತು.

ಪಂದ್ಯ ಶುರುವಾಗಿ ನಾಲ್ಕು ನಿಮಿಷಕ್ಕೆ ನಮ್ಮವನೊಬ್ಬನ ಹಲ್ಲು ಮೂರು ಹುಲ್ಲಿನಲ್ಲಿ ಬಿದ್ದಿದ್ದವು. ತಲೆಗೆ ತಲೆ ಕೊಟ್ಟು ತಳ್ಳಾಡುವ ಸ್ಕ್ರಮ್ಮಿನ ಒಳಗೆ ಅಟ್ಲಾಂಟದವನು ಅಭಿಯ ಕಣ್ಣಿಗೆ ಬೆರಳು ಹಾಕಿದ. ಅಭಿ ಏನೂ ಮಾಡಲಿಲ್ಲ. ಆ ಅಟ್ಲಾಂಟದವನ ಕೈಗೆ ಚೆಂಡು ಬರುವವರೆಗೆ ಕಾದು, ಎದೆಗೇ ನುಗ್ಗಿ, ಬಿದ್ದವನ ಮೇಲೆ ಇಡೀ ಮೈ ಭಾರ ಹಾಕಿ ಬಿದ್ದ. ಅವನ ಕಾಲರ್ ಎಲುಬು ಎರಡು ತುಂಡು. ಎಂಟು ಜನಕ್ಕೆ ಹೊಲಿಗೆ ಹಾಕಿದೆ. ಅಭಿಯ ಹುಬ್ಬಿಗೆ ಒಂಬತ್ತು. ಮರಗಟ್ಟಿಸುವ ಇಂಜೆಕ್ಷನ್ ಬೇಡ, ಹೊತ್ತಾಗುತ್ತದೆ ಎಂದ.

ಹಾರ್ಕ್ಲಿಯ ಹಳೆಯ ಬಟ್ಟೆ ಬದಲಿಸುವ ಕೋಣೆಯ ಬಾಗಿಲನ್ನು ಡೆರೆಕ್ ಹಡಗಿನಲ್ಲಿ ತರಿಸಿ ಗೋದಾಮಿನಲ್ಲಿ ನಿಲ್ಲಿಸಿದ್ದಾನೆ. ಮೊದಲ ಪಂದ್ಯ ಆಡಿದವನು ತನ್ನ ರಕ್ತದ ಕೈಯನ್ನು ಅದರ ಮೇಲೆ ಒತ್ತಬೇಕು ಎನ್ನುವ ಪದ್ಧತಿ ನಿನಗೆ ನೆನಪಿರಬೇಕು. ಅಭಿ ಹುಬ್ಬಿನ ರಕ್ತದಲ್ಲಿ ಅಂಗೈ ಒದ್ದೆ ಮಾಡಿಕೊಂಡು ಒತ್ತಿದ. ಎಲ್ಲರೂ ಬೆಂಚು ಬಡಿದರು. ನಾನೂ ಬಡಿದೆ.

ಮೂರು ಪ್ರಶ್ನೆಯ ಆಟ ಇಲ್ಲೂ ನಡೆದಿದೆ. ಯಾರಾದರೂ ಬಿದ್ದರೆ ಇಬ್ಬರು ಓಡಿಬಂದು ತೋಳು ಹಿಡಿದು ಉತ್ತರ ಗುನುಗುತ್ತಾರೆ. ಅವರನ್ನು ದೂರ ಅಟ್ಟಿ ಪ್ರಶ್ನೆ ಬದಲಿಸುತ್ತೇನೆ. ನಿನ್ನ ಮಗನಿಗೆ ಮಾತ್ರ ನನ್ನ ಹತ್ತಿರ ಯಾರಿಗೂ ಇಲ್ಲದ ಉಪಾಯವಿದೆ. ಅವನನ್ನು ಕನ್ನಡದಲ್ಲಿ ಕೇಳುತ್ತೇನೆ. ಕೆರೊಲಿನಾದಲ್ಲಿ ಯಾವ ಕ್ಯಾಪ್ಟನ್ ಕನ್ನಡದಲ್ಲಿ ಹೇಳಿಕೊಡುತ್ತಾನೆ, ಹೇಳು. ನೀನು ನಿಶ್ಚಿಂತೆಯಿಂದಿರು.

ಸೋಮು

---

ಸ್ಟರ್ಲಿಂಗ್
ಮೇ 20, 1997

ಸೋಮಲಿಂಗಪ್ಪನವರಿಗೆ,

ಶನಿವಾರ ಶಾರ್ಲೆಟ್‌ಗೆ ಬಂದಿದ್ದೆ. ಕಂಪನಿ ಕೆಲಸವೆಂದು ರಾಜಲಕ್ಷ್ಮಿಗೆ ಹೇಳಿ ಆರೂವರೆ ಗಂಟೆ ಡ್ರೈವ್ ಮಾಡಿದೆ. ಕೊನೆಯ ಸಾಲಿನಲ್ಲಿ, ಟೋಪಿ ಹಾಕಿಕೊಂಡು ಕೂತಿದ್ದೆ. ನೀವು ಚೀಲ ಹಿಡಿದು ಗೆರೆಯ ಆಚೆ ಈಚೆ ಓಡುವುದನ್ನೂ ನೋಡಿದೆ. ದಪ್ಪಗಾಗಿದ್ದೀರಿ.

ಬೈಯುವುದಕ್ಕೆಂದೇ ಬಂದಿದ್ದೆ. ಪಂದ್ಯ ಮುಗಿದ ಮೇಲೆ ಅವನ ಕುತ್ತಿಗೆ ಹಿಡಿದು ಕಾರಿನಲ್ಲಿ ಕೂರಿಸಿಕೊಂಡು ಹೋಗುವುದೆಂದು ನಿಶ್ಚಯ ಮಾಡಿಕೊಂಡಿದ್ದೆ. ಎರಡನೇ ಅರ್ಧದಲ್ಲಿ ಶಾರ್ಲೆಟ್‌ನ ಕೆಂಪು ಕೂದಲಿನವನು ಅವನ ಎದುರಿಗೆ ಬಂದನಲ್ಲ, ಇವನ ಎರಡರಷ್ಟಿದ್ದ. ಅಭಿ ತಗ್ಗಿ ಹೋಗಿ ಭುಜವನ್ನು ಅವನ ದವಡೆಗೆ ಕೊಟ್ಟ. ಆ ಸದ್ದು ಕೊನೆಯ ಸಾಲಿಗೂ ಬಂತು. ಅವನು ಮಲಗಿದಲ್ಲೇ ಕಾಲು ಕೊಡವುತ್ತಿದ್ದ, ಬಾಯಿಂದ ರಕ್ತ ಗುಳ್ಳೆ ಬರುತ್ತಿತ್ತು. ನಾನು ಎದ್ದು ನಿಂತು ಕೂಗುತ್ತಿದ್ದೆ. ಮೈಸೂರಿನ ಅಗ್ರಹಾರದಲ್ಲಿ ಬೆಳೆದವನು, ಒಂದು ಜಿರಳೆ ಹೊಡೆಯಲು ಹಿಂದೆಮುಂದೆ ನೋಡುವವನು, ಒಬ್ಬ ತಾಯಿಯ ಮಗನ ದವಡೆ ಮುರಿದದ್ದಕ್ಕೆ ಗಂಟಲು ಹರಿಯುವ ಹಾಗೆ ಕೂಗಿದೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ, ಅದಲ್ಲ ಇದು. ಹದಿನೇಳು ವರ್ಷ ನನ್ನ ಹೊಟ್ಟೆಯಲ್ಲಿದ್ದ ಸಿಟ್ಟು ಅವನ ಭುಜದಿಂದ ಹೊರಗೆ ಹೋದಂತಾಯಿತು. ನನಗೆ ತುಂಬ ಸುಖವಾಯಿತು.

ಕಾರಿನಲ್ಲಿ ಕೂರಿಸಿಕೊಂಡು ಹೋಗಲಿಲ್ಲ. ಪಾರ್ಕಿಂಗ್ ಲಾಟಿನಲ್ಲಿ ಅವನನ್ನು ಕಂಡು ಹ್ಯಾಂಬರ್ಗರ್ ಕೊಡಿಸಿದೆ. ನನಗೆ ಫ್ರೆಂಚ್ ಫ್ರೈಸ್. ಎಷ್ಟೋ ವರ್ಷದ ಮೇಲೆ ಅವನೂ ನಾನೂ ಮೂರು ಗಂಟೆ ಮಾತಾಡಿದೆವು. ಈಗ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾನೆ. ಮೊದಲು ಅವನು ಮಾತಾಡುತ್ತಿದ್ದದ್ದು ತಾಯಿಯ ಜೊತೆ ಮಾತ್ರ.

ಆ ಬಾಗಿಲ ಮೇಲೆ ಕೀತ್‌ನ ಕೈಯೂ ಇದೆ ಎಂಬುದನ್ನು ಮರೆಯಬೇಡಿ. ಕನ್ನಡದ ಉಪಾಯ ಒಳ್ಳೆಯದೇ.

ಕೃಷ್ಣಪ್ರಸಾದ

---

ಡರ್ಹಮ್
ಜೂನ್ 22, 1997

ಪ್ರಸಾದ,

ಆಸ್ಪತ್ರೆಯ ಕಾರಿಡಾರಿನಲ್ಲಿ ನೀನು ನನಗೆ ನಾಲ್ಕು ಏಟು ಹೊಡೆದೆ. ಎರಡನೆಯದಕ್ಕೆ ಮೂಗು ಮುರಿಯಿತು. ಗಾರ್ಡುಗಳು ನಿನ್ನನ್ನು ಹಿಡಿದಾಗ ಇದು ಮನೆಯ ವಿಷಯ ಎಂದು ನಾನೇ ಬಿಡಿಸಿದೆ. ಮೂಗನ್ನು ಸರಿ ಮಾಡಿಸಿಕೊಂಡಿಲ್ಲ, ಮಾಡಿಸಿಕೊಳ್ಳುವುದೂ ಇಲ್ಲ. ನೀನು ನನ್ನ ಮಾತು ಕೇಳುವ ಸ್ಥಿತಿಯಲ್ಲಿರಲಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಓದುವುದು ಬಿಡುವುದು ನಿನಗೆ ಸೇರಿದ್ದು.

ಹದಿನಾಲ್ಕನೇ ತಾರೀಖು ಶನಿವಾರ, ಅಟ್ಲಾಂಟದವರು ಇಲ್ಲಿಗೆ ಬಂದಿದ್ದರು. ಕಾಲರ್ ಎಲುಬಿನ ಸೇಡು ಅವರಲ್ಲಿತ್ತು. ಮೊದಲರ್ಧದಲ್ಲೇ ಎರಡು ಸಲ ಹೊಡೆದಾಟವಾಯಿತು. ಒಬ್ಬನ ಕಿವಿಯ ತುದಿ ಕಚ್ಚಿ ಕಿತ್ತರು. ಐವತ್ತೆರಡನೇ ನಿಮಿಷ. ಅಭಿ ತಗ್ಗಿ ಟ್ಯಾಕಲ್ ಮಾಡುವಾಗ ಅವರ ಮುಂದಿನ ಸಾಲಿನ ದಾಂಡಿಗನೊಬ್ಬನ ಸೊಂಟದ ಎಲುಬು ಅವನ ಕಪಾಲಕ್ಕೆ ಬಡಿಯಿತು. ಹತ್ತು ಸೆಕೆಂಡು ಮಲಗಿದ್ದ, ಆಮೇಲೆ ಎದ್ದ. ನಾನು ಓಡಿದೆ. ನಮ್ಮ ಇಬ್ಬರು ಆಗಲೇ ಅವನ ತೋಳು ಹಿಡಿದು ಅಟ್ಲಾಂಟ, ಹದಿನೆಂಟು ಹನ್ನೆರಡು, ಸೆಕೆಂಡ್ ಹಾಫ್ ಎಂದು ಗುನುಗುತ್ತಿದ್ದರು. ಅವರನ್ನು ದೂರ ತಳ್ಳಿದೆ. ಕನ್ನಡದಲ್ಲಿ ಕೇಳಿದೆ.

"ನಿಮ್ಮಪ್ಪನ ಊರು ಯಾವುದೋ?"

"ಮೈಸೂರು. ಮೊದಲು ನಂಜನಗೂಡು, ಅಂಕಲ್."

"ಅವ್ವನ ಹೆಸರು?"

"ರಾಜಲಕ್ಷ್ಮಿ."

"ಯುಗಾದಿಗೆ ಮನ್ಯಾಗ ಏನು ಮಾಡ್ತಾರ?"

"ಒಬ್ಬಟ್ಟು. ನನಗೆ ಎರಡು ಬೇಕು" ಎಂದು ನಕ್ಕ.

ನಾನೂ ನಕ್ಕೆ. ಬೆನ್ನು ತಟ್ಟಿ ಒಳಗೆ ಕಳಿಸಿದೆ. ಆ ಕ್ಷಣದಲ್ಲಿ ನನಗೆ ಎಷ್ಟು ಹೆಮ್ಮೆ ಎಂದರೆ, ಇದನ್ನು ನಿನಗೆ ಬರೆಯಬೇಕು ಎಂದು ಯೋಚಿಸುತ್ತಾ ಗೆರೆಗೆ ಮರಳಿದೆ.

ಪ್ರಸಾದ, ತಲೆಗೆ ಪೆಟ್ಟು ಬಿದ್ದವನಿಗೆ ಹಳೆಯದು ಹೋಗುವುದಿಲ್ಲ, ಹೊಸದು ಹೋಗುತ್ತದೆ. ಅಪ್ಪನ ಊರು, ಅವ್ವನ ಹೆಸರು, ಹಬ್ಬದ ಅಡುಗೆ, ಇವು ತಲೆ ಒಡೆದರೂ ಉಳಿಯುತ್ತವೆ. ಇದು ಮೆಡಿಕಲ್ ಓದುವ ಹುಡುಗರಿಗೂ ಗೊತ್ತು. ಸ್ಕೋರು ಎಷ್ಟು ಎಂದು ಅದೇ ಕನ್ನಡದಲ್ಲಿ ಕೇಳಿದ್ದರೆ ಸಾಕಿತ್ತು. ನಾನು ಊರು ಕೇಳಿದೆ. ನಮ್ಮವರನ್ನು ಕಂಡರೆ ನಾವು ಮೊದಲು ಕೇಳುವುದೇ ಅದು, ಯಾವೂರು, ಯಾರ ಮಗ ಎಂದು. ಬಾಯಿಗೆ ಅದೇ ಬಂತು. ಭಾಷೆ ಬದಲಿಸಿದೆನೆಂಬ ಜಂಬದಲ್ಲಿ ಪ್ರಶ್ನೆ ಏನೆಂಬುದನ್ನೇ ನೋಡಲಿಲ್ಲ. ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಾನಿಯಲ್ಲಿ ಬಿದ್ದು ಸತ್ತಿತಂತೆ.

ಹನ್ನೊಂದು ನಿಮಿಷದ ನಂತರ ಅವನಿಗೆ ಇನ್ನೊಂದು ತಾಗಿತು. ಅದು ಪೆಟ್ಟೇ ಅಲ್ಲ, ಬರಿಯ ಭುಜ. ಎರಡು ಸೆಕೆಂಡು ನಿಂತಿದ್ದ. ಕೈ ಅಡ್ಡ ಕೊಡದೆ ಮುಖ ಕೆಳಗಾಗಿ ಬಿದ್ದ. ನಾನು ಹೋಗುವಷ್ಟರಲ್ಲಿ ಬಲಗಣ್ಣಿನ ಪಾಪೆ ಅಗಲವಾಗಿತ್ತು. ಉಸಿರು ಗೊರಗೊರ ಎನ್ನುತ್ತಿತ್ತು. ಆಟ ನಿಲ್ಲಿಸಿದರು.

ನಾನು ತಪ್ಪು ಮಾಡಿದೆ. ನಿನ್ನ ಮಗನನ್ನು ನಾನು ಹಾಳು ಮಾಡಿದೆ.

ಸೋಮಲಿಂಗಪ್ಪ

---

ಸ್ಟರ್ಲಿಂಗ್
ಜುಲೈ 13, 1997

ಸೋಮಲಿಂಗಪ್ಪ,

ನಾಲ್ಕು ಏಟು ಕಡಿಮೆಯಾಯಿತು. ಗಾರ್ಡುಗಳು ಬರದಿದ್ದರೆ ನಿನ್ನ ತಲೆಯನ್ನು ಆ ಗೋಡೆಗೆ ಬಡಿದು ಒಡೆಯುತ್ತಿದ್ದೆ. ಒಡೆದು, ಯಾವೂರಪ್ಪಾ ನಿಂದು ಎಂದು ಕೇಳುತ್ತಿದ್ದೆ. ದಿನಕ್ಕೆ ಹತ್ತು ಸಲ ಮನಸ್ಸಿನಲ್ಲಿ ಅದನ್ನು ಮಾಡುತ್ತೇನೆ. ಮಾಡಿದಾಗಲೆಲ್ಲ ಸಮಾಧಾನವಾಗುತ್ತದೆ, ಆಮೇಲೆ ಅವನು ಕೋಣೆಯಲ್ಲಿ ಕೂಗುತ್ತಾನೆ.

ಮನೆಗೆ ಕರೆತಂದಿದ್ದೇವೆ. ತಲೆಬುರುಡೆಯ ಒಂದು ತುಂಡು ತೆಗೆದಿದ್ದಾರೆ, ಅಲ್ಲಿ ಚರ್ಮ ತಗ್ಗಾಗಿದೆ. ಎಡಗೈ ಎಡಗಾಲು ಕೆಲಸ ಮಾಡುವುದಿಲ್ಲ. ಹಳೆಯದೆಲ್ಲ ಗೊತ್ತು. ನಂಜನಗೂಡು ಎನ್ನುತ್ತಾನೆ, ಒಬ್ಬಟ್ಟು ಎನ್ನುತ್ತಾನೆ, ನಿನ್ನ ಪರೀಕ್ಷೆಯಲ್ಲಿ ಇವತ್ತೂ ಪಾಸ್. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ಗೊತ್ತಿಲ್ಲ. ತಾನು ಯಾಕೆ ಹೀಗೆ ಮಲಗಿದ್ದೇನೆ ಎಂದು ದಿನಾ ಹೊಸದಾಗಿ ಕೇಳುತ್ತಾನೆ, ದಿನಾ ಹೊಸದಾಗಿ ಅಳುತ್ತಾನೆ. ಸಿಟ್ಟು ಬಂದರೆ ಬಲಗೈಯಿಂದ ಸಿಕ್ಕಿದ್ದನ್ನು ಎಸೆಯುತ್ತಾನೆ. ಮೊನ್ನೆ ತಾಯಿ ಊಟ ಮಾಡಿಸುವಾಗ ಅವಳ ಕೆನ್ನೆಗೆ ಮುಷ್ಟಿಯಿಂದ ಹೊಡೆದ. ಎರಡು ಹಲ್ಲು ಅಲುಗಾಡುತ್ತಿವೆ. ಐದು ನಿಮಿಷದ ಮೇಲೆ, "ಅಮ್ಮ, ಯಾರು ನಿಮ್ಮನ್ನು ಹೊಡೆದರು? ಐ ವಿಲ್ ಕಿಲ್ ಹಿಮ್" ಎಂದ.

ರಾಜಲಕ್ಷ್ಮಿ ನನ್ನ ಜೊತೆ ಮಾತಾಡುತ್ತಿಲ್ಲ. ಸಾಕರ್ ಅಲ್ಲ ಎಂದು ಗೊತ್ತಾದ ದಿನದಿಂದ ಒಂದು ಮಾತಿಲ್ಲ.

ಲೀಗಿನವರು ವಿಚಾರಣೆ ಮಾಡುತ್ತಾರಂತೆ. ವಕೀಲರು ಬಂದಿದ್ದರು. ನಿನ್ನ ಜೂನ್ ತಿಂಗಳ ಕಾಗದ ಅವರ ಕೈಯಲ್ಲಿದೆ. ನೀನೇ ನಿನ್ನ ಕೈಯಾರೆ ಬರೆದುಕೊಟ್ಟ ಸಾಕ್ಷಿ. ಅಂದು ನೀನು ನನ್ನ ಬದುಕಿಗೆ ಮಾಡಿದ್ದನ್ನು ನಾನು ನಿನಗೆ ಮಾಡುತ್ತೇನೆ.

ಕೃಷ್ಣಪ್ರಸಾದ

---

ಡರ್ಹಮ್
ಆಗಸ್ಟ್ 24, 1997

ಪ್ರಸಾದ,

ಮಾಡು. ನಾನು ಅಡ್ಡ ಬರುವುದಿಲ್ಲ. ಆಸ್ಪತ್ರೆಗೆ ಕೆಲಸಕ್ಕೆ ಹೋಗುವುದನ್ನು ನಿಲ್ಲಿಸಿದ್ದೇನೆ. ಕಮಿಟಿಯ ಮುಂದೆ ನನ್ನ ಹೇಳಿಕೆ ಆಯಿತು. ನಿನಗೆ ಬರೆದದ್ದನ್ನೇ ಹೇಳಿದೆ, ಒಂದಕ್ಷರ ಬಿಡಲಿಲ್ಲ.

ಹಿಂದಿನ ದಿನ ಡೆರೆಕ್ ಮನೆಗೆ ಬಂದಿದ್ದ. ಉತ್ತರ ಸರಿಯಾಗಿತ್ತು ಎಂದಷ್ಟೇ ಹೇಳಿದರೆ ಸಾಕು, ಪ್ರಶ್ನೆ ಏನೆಂದು ಕನ್ನಡ ಬಾರದವರಿಗೆ ಯಾಕೆ ಬೇಕು ಎಂದ. ಅಂಗಿಯ ಕಾಲರ್ ಹಿಡಿದು ಮೆಟ್ಟಿಲಿಳಿಸಿದೆ. ಮೊಣಕಾಲಿಲ್ಲದವನು ಎಡವಿ ಬಿದ್ದ, ನಾನು ಎಬ್ಬಿಸಲಿಲ್ಲ. ಕ್ಲಬ್ ಮುಚ್ಚಿಹೋಗಿದೆ.

ಒಂದು ಮಾತು ಹೇಳಬೇಕು. ಕೀತ್ ವಿಷಯದಲ್ಲಿ ನಾನು ಹೇಳಿದ್ದು ನಿಜವೆಂದೇ ಈಗಲೂ ನಂಬಿದ್ದೇನೆ. ಆದರೆ ಅಂದು ಅದನ್ನು ಹೇಳುವಾಗ ನನಗೆ ದುಃಖವಾಗಿರಲಿಲ್ಲ. ಇಬ್ಬರು ಕಪ್ಪು ಡಾಕ್ಟರುಗಳಲ್ಲಿ ಒಬ್ಬನು ಸರಿಯಾದವನು ಎಂದು ಆ ಊರಿಗೆ ಕಾಣಲಿ ಎಂದು ಆಸೆಯಿತ್ತು. ನಿನ್ನ ಮುಖ ನೋಡದೆ ಹೇಳಿದೆ. ಅದಕ್ಕೆ ಕ್ಷಮೆ ಕೇಳುವುದಕ್ಕೆ ಹದಿನೇಳು ವರ್ಷ ಬೇಕಾಯಿತು.

ಇನ್ನೊಂದು. ಆಪರೇಶನ್ ಮಾಡಿದ ಸರ್ಜನ್ ಹೇಳಿಕೆ ಕೊಟ್ಟಿದ್ದಾರೆ. ಒಳಗೆ ಹೊಸ ರಕ್ತದ ಜೊತೆ ಹಳೆಯ ರಕ್ತವೂ ಇತ್ತಂತೆ. ವಾರ, ಹತ್ತು ದಿನದ್ದು. ಅಂದರೆ ಶನಿವಾರಕ್ಕೆ ಮೊದಲೇ ಎಲ್ಲೋ ಪೆಟ್ಟು ಬಿದ್ದಿತ್ತು. ಅಭ್ಯಾಸದ ದಿನ ನಾನು ಹೋಗುತ್ತಿರಲಿಲ್ಲ. ಹುಡುಗರು ಒಬ್ಬರೂ ಬಾಯಿ ಬಿಡುತ್ತಿಲ್ಲ, ಅವರ ಪದ್ಧತಿಯೇ ಅದು. ಯಾರಿಗೆ ಗೊತ್ತಿತ್ತು ಎಂದು ಕಮಿಟಿ ಕೇಳುತ್ತಿದೆ. ವಾರಕ್ಕೆ ಎರಡು ಸಲ ನಿನಗೆ ಫೋನ್ ಮಾಡುತ್ತಿದ್ದನಲ್ಲ. ನಿನಗೇನಾದರೂ ಹೇಳಿದ್ದನೇ? ನನ್ನನ್ನು ಉಳಿಸಿಕೊಳ್ಳಲು ಕೇಳುತ್ತಿಲ್ಲ. ನಾನು ತಪ್ಪು ಪ್ರಶ್ನೆ ಕೇಳಿದ್ದು ಇದರಿಂದ ಸರಿಯಾಗುವುದಿಲ್ಲ.

ಸೋಮು

---

ಸ್ಟರ್ಲಿಂಗ್
ಸೆಪ್ಟೆಂಬರ್ 14, 1997

ಸೋಮು,

ಮೂರು ವಾರ ನಿನ್ನ ಕಾಗದವನ್ನು ಕಾರಿನಲ್ಲಿಟ್ಟುಕೊಂಡು ತಿರುಗಿದೆ. ಕಾಗದವನ್ನು ಕಾರಿನಲ್ಲಿಟ್ಟುಕೊಂಡು ತಿರುಗುವುದು ನನಗೆ ಹೊಸದಲ್ಲ.

ಹೇಳಿದ್ದ. ಜೂನ್ ಹತ್ತು, ಮಂಗಳವಾರ. ಅದಕ್ಕೆ ಐದು ದಿನ ಮೊದಲು ಅಭ್ಯಾಸದಲ್ಲಿ ಒಬ್ಬನ ತಲೆಗೆ ತಲೆ ಬಡಿದಿತ್ತು. ಅಂದಿನಿಂದ ತಲೆನೋವು, ಎರಡು ಸಲ ವಾಂತಿ, ಲ್ಯಾಬಿನ ಲೈಟು ನೋಡಲಾಗುತ್ತಿರಲಿಲ್ಲ. "ಅಪ್ಪ, ಅಮ್ಮನಿಗೆ ಹೇಳಬೇಡಿ. ಡಾಕ್ಟರ್ ಅಂಕಲ್‌ಗೂ ಹೇಳಬೇಡಿ. ಇಟ್ಸ್ ದಿ ಅಟ್ಲಾಂಟ ಗೇಮ್" ಎಂದ. ನಾಡಿ ಹಿಡಿಯುವುದು ಬಿಟ್ಟಿರಬಹುದು, ಓದಿದ್ದು ಮರೆತಿರಲಿಲ್ಲ. ಅದು ಏನೆಂದು ಅವನು ಹೇಳಿ ಮುಗಿಸುವ ಮೊದಲೇ ನನಗೆ ಗೊತ್ತಾಯಿತು. ಬೇಡ ಎಂದೆ. ಆಡೇ ಆಡುತ್ತೇನೆ ಎಂದ.

ನಿನ್ನ ಮನೆಗೆ ಫೋನ್ ಮಾಡಿದೆ. ಶಾಂತವ್ವ ಹಲೋ ಎಂದರು. ಇಟ್ಟುಬಿಟ್ಟೆ. ಬುಧವಾರ ಬೆಳಿಗ್ಗೆ ನಿನಗೆ ಕಾಗದ ಬರೆದೆ. ಸ್ಟಾಂಪು ಹಚ್ಚಿದೆ. ಪೋಸ್ಟಾಫೀಸಿನ ಎದುರು ಕಾರು ನಿಲ್ಲಿಸಿಕೊಂಡು ಅರ್ಧ ಗಂಟೆ ಕೂತೆ. ನನ್ನ ಡಾಕ್ಟರಿಕೆ ಕಿತ್ತುಕೊಂಡವನಿಗೆ ದಮ್ಮಯ್ಯ ಎನ್ನಬೇಕಲ್ಲ ಎಂದು ಕೈ ಬರಲಿಲ್ಲ. ಅದು ಒಂದು ಕಾರಣ. ಇನ್ನೊಂದು ಕಾರಣವೂ ಇತ್ತು, ಅದನ್ನು ರಾಜಲಕ್ಷ್ಮಿಗೂ ಹೇಳಿಲ್ಲ. ಅವನು ಆಡಲಿ ಎಂದು ನನಗೆ ಆಸೆಯಿತ್ತು. ಶಾರ್ಲೆಟ್‌ನಲ್ಲಿ ಕೂಗಿದ ಹಾಗೆ ಇನ್ನೊಂದು ಸಲ ಕೂಗಬೇಕಿತ್ತು. ಶನಿವಾರ ಬೆಳಿಗ್ಗೆ ಹೊರಡಲು ಟ್ಯಾಂಕ್ ತುಂಬಿಸಿಕೊಂಡಿದ್ದೆ, ಮನೆಗೆ ನೆಂಟರು ಬಂದು ತಡೆಯಾಯಿತು.

ಡೆರೆಕ್ ಉತ್ತರ ಹೇಳಿಕೊಟ್ಟದ್ದು ಹಾರ್ಕ್ಲಿಯಲ್ಲಿ ನನಗೆ ಕೇಳಿಸಿತ್ತು. ನೀನು ಹೇಳಿದ್ದು ನಿಜ. ಎರಡೇ ಪಾಯಿಂಟಿನಿಂದ ಹಿಂದಿದ್ದೆವು, ಕೀತ್ ಬೇಕಾಗಿದ್ದ.

ವಕೀಲರಿಗೆ ಬೇಡ ಎಂದು ಹೇಳಿದ್ದೇನೆ. ಕಮಿಟಿಗೂ ಬರೆದಿದ್ದೇನೆ. ನಿನ್ನನ್ನು ಕ್ಷಮಿಸಿದ್ದೇನೆ ಎಂದುಕೊಳ್ಳಬೇಡ, ಆ ಅಧಿಕಾರ ನನಗಿಲ್ಲ. ಅಂದು ಬರೆದ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ. ಲಕೋಟೆ ಒಡೆದಿಲ್ಲ. ಅದು ನಿನಗೆ ಸೇರಿದ್ದು.

ಪ್ರಸಾದ

---

ಸ್ಟರ್ಲಿಂಗ್
ಜೂನ್ 11, 1997, ಬುಧವಾರ

ಪ್ರೀತಿಯ ಸೋಮು,

ಹದಿನೇಳು ವರ್ಷದ ಜಗಳ ಒಂದು ಕಡೆಗಿರಲಿ. ಅಭಿಗೆ ಕಳೆದ ಗುರುವಾರ ಅಭ್ಯಾಸದಲ್ಲಿ ತಲೆಗೆ ಪೆಟ್ಟು ಬಿದ್ದಿದೆ. ವಾಂತಿಯಾಗಿದೆ, ಬೆಳಕು ತಡೆಯಲಾಗುತ್ತಿಲ್ಲ. ನಿನ್ನಿಂದ ಮುಚ್ಚಿಟ್ಟಿದ್ದಾನೆ. ಕೇಳಿದರೆ ಇಲ್ಲ ಎನ್ನುತ್ತಾನೆ, ನಂಬಬೇಡ. ನಗುತ್ತಾನೆ, ನೀನು ಕೇಳಿದ್ದಕ್ಕೆಲ್ಲ ಉತ್ತರ ಹೇಳುತ್ತಾನೆ, ಅದನ್ನೂ ನಂಬಬೇಡ. ನಾನು ಹೇಳಿದೆನೆಂದು ಗೊತ್ತಾದರೆ ನನಗೆ ಫೋನ್ ಮಾಡುವುದನ್ನು ನಿಲ್ಲಿಸಿಬಿಡುತ್ತಾನೆ. ನಿಲ್ಲಿಸಲಿ.

ಡೆರೆಕ್ ಏನೇ ಹೇಳಲಿ, ಶನಿವಾರ ಅವನನ್ನು ಮೈದಾನಕ್ಕೆ ಇಳಿಸಬೇಡ. ದಮ್ಮಯ್ಯ ಅನ್ನುತ್ತೇನೆ. ಅವನು ನಮಗೆ ಒಬ್ಬನೇ ಮಗ.

ಈ ಕಾಗದ ಶುಕ್ರವಾರ ನಿನ್ನ ಕೈ ಸೇರುತ್ತದೆ.

ನಿನ್ನ
ಪ್ರಸಾದ